ಡಾಕ್ಟರ ಪಾಲು

ಸಾವಿನ ಸುದ್ದಿ ಹೊತ್ತ ಕಾರ್ಡನ್ನು ಗುರುತಿಸಲು ಪೋಸ್ಟ್‌ಮ್ಯಾನ್ ಅದನ್ನು ಓದಬೇಕಾಗಿಲ್ಲ. ಅಚ್ಚು ಹಾಕಿಸಿದ್ದಾದರೆ ಅಂಚಿನಲ್ಲಿ ಕಪ್ಪು ಗೆರೆ ಇರುತ್ತದೆ. ಕೈಯಲ್ಲಿ ಬರೆದದ್ದಾದರೆ ವಿಳಾಸದ ಅಕ್ಷರಗಳು ಅವಸರದಲ್ಲಿ ಒಂದೇ ಕಡೆಗೆ ವಾಲಿಕೊಂಡಿರುತ್ತವೆ. ಅಂಥ ಕಾರ್ಡನ್ನು ಜನ ಒಳಗೆ ತರುವುದಿಲ್ಲ, ಅಂಗಳದಲ್ಲೇ ನಿಂತು ಓದಿ ಹರಿದು ಹಾಕುತ್ತಾರೆ. ಹೋದ ತಿಂಗಳು ಅಂಥದೊಂದು ಮೈಸೂರಿನಿಂದ ನನ್ನ ಹೆಸರಿಗೇ ಬಂತು. ಕಳುಹಿಸಿದವರು ನಮ್ಮ ಡಾಕ್ಟರ ಮಗಳು. ಅಪ್ಪ ಹೋದರು, ಕೊನೆಯವರೆಗೂ ಲವಲವಿಕೆಯಿಂದಲೇ ಇದ್ದರು, ನೋಡಿಕೊಳ್ಳಲು ಬಂದ ನರ್ಸಿನ ಮಂಡಿಯನ್ನೇ ಪರೀಕ್ಷೆ ಮಾಡಲು ಹೊರಡುತ್ತಿದ್ದರು ಎಂದು ಬರೆದಿದ್ದರು. ಓದಿ ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಕಾರ್ಡನ್ನು ಹರಿಯಲು ಮನಸ್ಸಾಗದೆ ಒಳಗೆ ತಂದಿಟ್ಟೆ. ಹೆಂಡತಿ ಎರಡು ಮಾತು ಅಂದಳು, ಸುಮ್ಮನಾದಳು.

ಅವರ ಹೆಸರನ್ನು ಬರೆಯುವುದಿಲ್ಲ. ಆ ಕಾಲದ ಮಡಿಕೇರಿ ನೋಡಿದವರಿಗೆ ಹೆಸರಿಲ್ಲದೆಯೂ ಗೊತ್ತಾಗುತ್ತದೆ. ಆಗ ಕೊಡಗೇ ಒಂದು ರಾಜ್ಯ. ರಾಜ್ಯವೆಂದರೆ ಎಷ್ಟು ದೊಡ್ಡದು ಎಂದು ಕೇಳಬೇಡಿ, ಮಂತ್ರಿಗಳು ಇಬ್ಬರೇ. ಬೆಳಿಗ್ಗೆ ಮಡಿಕೇರಿಯಲ್ಲಿ ಯಾರಾದರೂ ಜೋರಾಗಿ ಸೀನಿದರೆ ಮಧ್ಯಾಹ್ನದ ಬಸ್ಸಿನಲ್ಲಿ ಸುದ್ದಿ ನಮ್ಮೂರು ಕಕ್ಕಬೆಗೆ ಬರುತ್ತಿತ್ತು. ಅಂಥ ಊರಿನ ಆಸ್ಪತ್ರೆಗೆ ಯುದ್ಧ ಮುಗಿಸಿಕೊಂಡು ಬಂದ ಮಿಲಿಟರಿ ಡಾಕ್ಟರು ಇವರು. ಮೈಸೂರು ಕಡೆಯ ಬ್ರಾಹ್ಮಣರು. ದಪ್ಪ ಆಳು, ದಪ್ಪ ಕನ್ನಡಕ, ಚಳಿ ಇರಲಿ ಬಿಡಲಿ ಮೈಮೇಲೊಂದು ಮಿಲಿಟರಿ ಕೋಟು. ರೋಗಿಗಳ ಹೆಸರು ಅವರಿಗೆ ಒಂದು ದಿನಕ್ಕೂ ನೆನಪಿರುತ್ತಿರಲಿಲ್ಲ. ಊರಿನ ಹೆಸರೂ ನೋವಿನ ಜಾಗವೂ ಮಾತ್ರ ಮರೆಯುತ್ತಿರಲಿಲ್ಲ. ವಾರ್ಡಿನ ಬಾಗಿಲಲ್ಲಿ ನಿಂತು, “ಕೊಡ್ಲಿಪೇಟೆ ಸೊಂಟ ರಾತ್ರಿ ನಿದ್ದೆ ಮಾಡ್ತಾ?” ಎಂದು ಕೇಳುತ್ತಿದ್ದರು. ನಾನು ಅವರ ಪಾಲಿಗೆ ಕೊನೆಯವರೆಗೂ ಕಕ್ಕಬೆ ಮಂಡಿ.

ಆ ಮಂಡಿಯ ಕಥೆ ಹೇಳಬೇಕು. ನಾನು ಆಗ ಕಕ್ಕಬೆಯಿಂದ ಮೇಲಿನ ಮನೆಗಳಿಗೆ ಟಪಾಲು ಹಂಚುತ್ತಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ದಿನಕ್ಕೆ ಹತ್ತು ಹನ್ನೊಂದು ಮೈಲಿ ನಡಿಗೆ, ಅರ್ಧ ಏರು, ಅರ್ಧ ಇಳಿಜಾರು. ಒಂದೊಂದು ಮನೆಗೆ ಒಂದೊಂದು ಗುಡ್ಡ. ನನಗೆ ಆ ಬೀಟೆಂದರೆ ಪ್ರಾಣ. ಯಾರ ಮನೆಯಲ್ಲಿ ಮಗ ಮಿಲಿಟರಿಯಲ್ಲಿದ್ದಾನೆ, ಯಾರ ನಾಯಿ ಕಚ್ಚುತ್ತದೆ, ಯಾರ ಮನೆಯಲ್ಲಿ ಕಾಫಿಗೆ ಬೆಲ್ಲ ಜಾಸ್ತಿ ಹಾಕುತ್ತಾರೆ ಎಲ್ಲ ನನಗೆ ಗೊತ್ತು. ಮಳೆಗಾಲದ ಶುರುವಿನಲ್ಲಿ ಒಂದು ದಿನ ತೋಡು, ಅಂದರೆ ನೀರಿನ ಸಣ್ಣ ಹಳ್ಳ, ದಾಟಲು ಹಾರಿದೆ. ಕಾಲು ಕಲ್ಲಿನ ಮೇಲೆ ಊರಿತು, ಮೈ ಬೇರೆ ಕಡೆಗೆ ತಿರುಗಿತು. ಬಲ ಮಂಡಿಯೊಳಗೆ ಟಪ್ ಎಂದು ಏನೋ ಕಡಿದ ಸದ್ದು ಕೇಳಿಸಿತು. ಮಂಡಿ ಕುಂಬಳಕಾಯಿಯಷ್ಟು ಊದಿತು. ಎಣ್ಣೆ, ಸೊಪ್ಪು, ಪಟ್ಟಿ ಎಲ್ಲ ಆಗಿ ಮೂರು ವಾರದಲ್ಲಿ ಊತ ಇಳಿಯಿತು. ಗುಣವಾಯಿತೆಂದು ಬ್ಯಾಗು ಹೆಗಲಿಗೇರಿಸಿ ಹೊರಟೆ. ಏರು ಹತ್ತುವಾಗ ಏನೂ ಇಲ್ಲ. ಇಳಿಯುವಾಗ ಮಂಡಿ ಒಳಗಿಂದ ಜಾರಿ ಕುಸಿದುಬಿಡುತ್ತಿತ್ತು. ಒಂದೇ ವಾರದಲ್ಲಿ ನಾಲ್ಕು ಸಲ ಉರುಳಿದೆ. ನಾಲ್ಕನೆಯ ಸಲ ಟಪಾಲು ಚೀಲವೂ ತೋಡಿಗೆ ಬಿತ್ತು.

ಪೋಸ್ಟ್ ಮಾಸ್ಟರು ಒಳ್ಳೆಯವರೇ. ನನ್ನ ಜಾಗಕ್ಕೆ ಬದಲಿ ಆಳು ಹಾಕಿ, ಮುಂದಿನ ಹೂಮಳೆಯ ತನಕ, ಅಂದರೆ ಕಾಫಿ ಹೂವಾಗುವ ಮಳೆ ಬರುವ ತನಕ, ಹೇಗಾದರೂ ತಳ್ಳುತ್ತೇನೆ ಎಂದರು. ಅಷ್ಟರಲ್ಲಿ ಬೆಟ್ಟದ ಬೀಟಿಗೆ ಯೋಗ್ಯನೆಂದು ಡಾಕ್ಟರ ಸರ್ಟಿಫಿಕೇಟು ತರದಿದ್ದರೆ ಕೆಲಸ ಬದಲಿಯವನಿಗೆ. ಅಪ್ಪ ಹೋಗಿ ನಾಲ್ಕು ವರ್ಷವಾಗಿತ್ತು, ಮನೆಯಲ್ಲಿ ಅವ್ವ ಮತ್ತು ಇಬ್ಬರು ತಂಗಿಯರು. ಬೀಟು ಹೋದರೆ ಮಾಡಲು ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಹೀಗೆ ನಾನು ಮಡಿಕೇರಿಗೆ ಬಂದೆ. ಡಾಕ್ಟರು ನನ್ನನ್ನು ಮೇಜಿನ ಮೇಲೆ ಮಲಗಿಸಿ, ಮಂಡಿ ಮಡಚಿಸಿ, ಪಾದ ಊರಿಸಿದರು. ಆಮೇಲೆ ತಾವೂ ಮೇಜು ಹತ್ತಿ ನನ್ನ ಪಾದದ ಮೇಲೆ ಕುಳಿತುಬಿಟ್ಟರು. ನನಗೆ ಜೀವ ಬಾಯಿಗೆ ಬಂತು. ನೋವಿನಿಂದಲ್ಲ, ನಾಚಿಕೆಯಿಂದ. ಅಷ್ಟು ದೊಡ್ಡ ಮನುಷ್ಯರು ನನ್ನ ಕೆಸರು ಮೆಟ್ಟಿದ ಪಾದದ ಮೇಲೆ ಕೂರುವುದೆಂದರೇನು?

“ಬೇಡ ಸಾರ್, ಕಾಲು ಸರಿಯಾಗಿ ತೊಳೆದಿಲ್ಲ” ಎಂದೆ.

“ನಾನೇನು ನೆಕ್ಕಕ್ಕೆ ಬಂದಿದೀನೇನ್ರೀ, ಸುಮ್ನಿರಿ” ಎಂದು ಮೊಣಕಾಲಿನ ಕೆಳಗೆ ಎರಡೂ ಕೈ ಹಾಕಿ ತಮ್ಮ ಕಡೆಗೆ ಎಳೆದರು. ಮೇಜಿನ ಡ್ರಾಯರ್ ತೆರೆದುಕೊಂಡಂತೆ ನನ್ನ ಕಾಲು ಮುಂದಕ್ಕೆ ಬಂತು. ಎಡಗಾಲಿಗೂ ಹಾಗೆಯೇ ಮಾಡಿದರು, ಅದು ಮಿಸುಕಲಿಲ್ಲ. ಅವರು ಪಾದದ ಮೇಲೆ ಕೂತೇ ಯೋಚಿಸಿದರು. ನನ್ನ ಬೆರಳುಗಳು ಜೋಮು ಹಿಡಿದವು. ಏಳಿ ಎನ್ನಲು ಧೈರ್ಯವಿಲ್ಲ. ಈ ಪಾದದ ಮೇಲೆ ಕೂರುವ ಅಭ್ಯಾಸ ಅವರಿಗೆ ಎಷ್ಟು ಅಂಟಿತ್ತೆಂದರೆ, ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಕುಂಟುತ್ತಿದ್ದ ಕಂಡಕ್ಟರನ್ನು ಅಲ್ಲೇ ಕಟ್ಟೆಯ ಮೇಲೆ ಮಲಗಿಸಿ ಅವನ ಪಾದದ ಮೇಲೂ ಕೂತಿದ್ದರು. ಬಸ್ಸು ಅರ್ಧ ಗಂಟೆ ತಡವಾಗಿ ಹೊರಟಿತು. ಬಸ್ಸಿನಲ್ಲಿದ್ದ ಒಬ್ಬರೂ ಬೇಸರಪಟ್ಟುಕೊಳ್ಳಲಿಲ್ಲ, ಎಲ್ಲರೂ ಇಳಿದು ಸುತ್ತ ನಿಂತು ನೋಡುತ್ತಿದ್ದರು.

ನನ್ನ ಕಾಯಿಲೆಯನ್ನು ಅವರು ವಿವರಿಸಿದ್ದು ಹೀಗೆ. ಮಂಡಿಯೊಳಗೆ ಎರಡು ಹುರಿಗಳು ಅಡ್ಡಡ್ಡ ಇರುತ್ತವೆ, ತೊಡೆಯ ಎಲುಬನ್ನೂ ಕಾಲಿನ ಎಲುಬನ್ನೂ ಬಿಗಿದು ಹಿಡಿಯುತ್ತವೆ. ನನ್ನದರಲ್ಲಿ ಮುಂದಿನದು ಕಡಿದುಹೋಗಿದೆ. ಕಡಿದದ್ದನ್ನು ಗಂಟು ಹಾಕಲು ಬರುವುದಿಲ್ಲ. ತೊಡೆಯ ಹಿಂದೆ ಒಳಬದಿಯಲ್ಲಿ ಸ್ನಾಯುವಿನ ತುದಿಗೆ ಉದ್ದನೆಯ ಹುರಿಗಳಿವೆ. ಅದರಲ್ಲಿ ಒಂದನ್ನು ಬಿಡಿಸಿಕೊಂಡು, ಎಲುಬಿನಲ್ಲಿ ತೂತು ಕೊರೆದು, ಅದರೊಳಗಿಂದ ತೂರಿಸಿ ಮೇಲೆ ಹೊಲಿದರೆ ಹೊಸ ಹುರಿಯಾಗುತ್ತದೆ.

“ತೊಡೆಯದನ್ನು ತೆಗೆದರೆ ತೊಡೆಗೆ ಎಂಥ ಮಾಡುವುದು ಸಾರ್?” ಎಂದು ಕೇಳಿದೆ.

“ಅಲ್ಲಿ ಇನ್ನೂ ಇದಾವೆ. ಒಬ್ಬ ರಜಾ ಹಾಕಿದ್ರೆ ಉಳಿದೋರು ಸುಧಾರಿಸ್ಕೊಳಲ್ವೇ, ನಿಮ್ಮ ಟಪಾಲಾಫೀಸ್ ಥರ.” ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಹೇಳಿದರು. “ನೋಡಿ, ಒಂದು ವಿಷಯ ಹೇಳ್ಬಿಡ್ತೀನಿ. ಇದನ್ನ ನಾನು ಒಂದೇ ಸಲ ನೋಡಿರೋದು, ಯುದ್ಧದ ಆಸ್ಪತ್ರೆಲಿ. ದೊಡ್ಡ ಡಾಕ್ಟರು ಮಾಡಿದ್ರು, ನಾನು ಕಾಲು ಹಿಡ್ಕೊಂಡು ನಿಂತಿದ್ದೆ. ಸ್ವಂತ ಕೈಲಿ ಮಾಡಿಲ್ಲ. ಕೆಟ್ಟರೆ ಮಂಡಿ ಮರದ ಕೊರಡಾಗತ್ತೆ, ಮಡಚಕ್ಕೇ ಬರಲ್ಲ. ಈಗ ಇಳಿಯಕ್ಕಾಗಲ್ಲ, ಆಗ ಹತ್ತಕ್ಕೂ ಆಗಲ್ಲ. ಮದರಾಸಿಗೆ ಬರೆದುಕೊಡ್ತೀನಿ, ಹೋಗ್ತೀರಾ?”

ಮದರಾಸೆಂದರೆ ನನಗೆ ಲಕೋಟೆಯ ಮೇಲಿನ ಮುದ್ರೆ ಮಾತ್ರ. ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಮಲಗಲು ಯಾರ ಬಲವಿದೆ? ತನಗೆ ಗೊತ್ತಿಲ್ಲ ಎಂದು ಹೇಳುವ ಡಾಕ್ಟರನ್ನು ಅದೇ ಮೊದಲು ನೋಡಿದ್ದೆ. ಅಷ್ಟಕ್ಕೇ ಅವರ ಮೇಲೆ ನಂಬಿಕೆ ಬಂತು. “ನೀವೇ ಮಾಡಿ ಸಾರ್” ಎಂದೆ.

“ಮಾಡ್ತೀನಿ. ಆದ್ರೆ ನಿಮ್ಮ ಮೇಲೆ ಕಲಿಯಲ್ಲ. ಮೊದಲು ಹಂದಿ ಮೇಲೆ ಕಲೀತೀನಿ” ಎಂದರು.

ಹಂದಿಯ ಹಿಂಗಾಲಿನ ಮಂಡಿಯೊಳಗೂ ಮನುಷ್ಯನಿಗಿರುವಂಥದೇ ಹುರಿಗಳಿವೆಯಂತೆ. ಕೊಡಗಿನಲ್ಲಿ ಕಾಡುಹಂದಿಗೇನು ಬರ. ನಿಮ್ಮ ಕಡೆಯವರು ಬೇಟೆಯಾಡಿದಾಗ ಒಂದು ಹಿಂಗಾಲು ಕಳಿಸಲಿ ಎಂದರು. ಅದು ಕಕ್ಕಡದ ತಿಂಗಳು. ನಾಟಿಯ ಕಾಲ, ಬಂದೂಕುಗಳು ಕೋಣೆಯೊಳಗೆ ದೇವರ ಪಕ್ಕದಲ್ಲಿರುತ್ತವೆ. ಕೈಲ್ ಮುಹೂರ್ತದ ಹಬ್ಬದಲ್ಲಿ ಪೂಜೆ ಮಾಡಿ ಹೊರಗೆ ತೆಗೆಯುವ ತನಕ ಬೇಟೆ ಇಲ್ಲ. ಹಾಗೆಂದು ಹೇಳಿದಾಗ ಡಾಕ್ಟರು, “ಸರಿ, ದೇವರ ಹತ್ರ ಇರೋದನ್ನ ನಾವು ಕೇಳಬಾರದು” ಎಂದು ಕಾದರು. ನನ್ನನ್ನು ಊರಿಗೂ ಬಿಡಲಿಲ್ಲ. ಆ ಇಳಿಜಾರಿನಲ್ಲಿ ಮತ್ತೆ ಉರುಳುತ್ತೇನೆಂದು ವಾರ್ಡಿನ ಜಗಲಿಯಲ್ಲಿ ಒಂದು ಮಂಚ ಕೊಡಿಸಿದರು. ರೋಗಿಗಳಿಗೆ ಕಾಗದ ಬರೆದುಕೊಡುತ್ತ ನಾನು ಅಲ್ಲೇ ಉಳಿದೆ.

ಹಬ್ಬ ಹತ್ತಿರ ಬಂದಾಗ ಮನೆಗೊಂದು ಕಾರ್ಡು ಹಾಕಿದೆ. “ಡಾಕ್ಟರಿಗೆ ಕಾಡುಹಂದಿಯ ಹಿಂಗಾಲು ಬೇಕಂತೆ, ತಪ್ಪದೆ ಕಳುಹಿಸುವುದು” ಎಂದು. ಯಾಕೆ ಎಂದು ಬರೆಯಲಿಲ್ಲ. ಊರೆಲ್ಲ ಓದುವ ಕಾರ್ಡಿನಲ್ಲಿ ನನ್ನ ಮಂಡಿಯ ವಿಷಯ ಯಾಕೆಂದು ಬಿಟ್ಟೆ. ಹಬ್ಬದ ಮಾರನೆಯ ದಿನ ಬಸ್ಸಿನಲ್ಲಿ ನಾಲ್ಕು ಅಂತಸ್ತಿನ ಟಿಫಿನ್ ಕ್ಯಾರಿಯರ್ ಬಂತು. ಮೇಲಿನ ಎರಡರಲ್ಲಿ ಕಡುಬು, ಕೆಳಗಿನ ಎರಡರಲ್ಲಿ ಕಾಚಂಪುಳಿಯ ಕಪ್ಪು ಹುಳಿರಸ ಹಾಕಿ ಕಪ್ಪಗೆ ಹುರಿದ ಹಂದಿ. ಹಿಂಗಾಲಿನದೇ, ಆರಿಸಿದ ತುಂಡುಗಳು.

ಡಾಕ್ಟರು ಮುಚ್ಚಳ ತೆಗೆದು ನೋಡಿದರು. ಮುಖ ಸಿಂಡರಿಸಲಿಲ್ಲ. ಚಮಚದಿಂದ ಒಂದು ತುಂಡನ್ನು ಮಗುಚಿ, “ಇದರಲ್ಲಿ ಹುರಿ ಎಲ್ಲಿ ಅಂತ ಹುಡುಕಲಿ, ಕಕ್ಕಬೆ?” ಎಂದರು. ಆಮೇಲೆ ಮೇಲಿನ ಡಬ್ಬಿಯ ಕಡುಬಿಗೆ ವಾರ್ಡಿನ ಸಿಸ್ಟರ ಹತ್ತಿರವಿದ್ದ ಉಪ್ಪಿನಕಾಯಿ ಹಾಕಿಸಿಕೊಂಡು ನಾಲ್ಕು ತಿಂದರು. ಕೆಳಗಿನ ಎರಡು ಡಬ್ಬಿ ವಾರ್ಡಿನಲ್ಲಿ ಐದು ನಿಮಿಷದಲ್ಲಿ ಖಾಲಿಯಾದವು. ಕೊಡ್ಲಿಪೇಟೆ ಸೊಂಟ ಅಂದು ಮೊದಲ ಸಲ ತಾನಾಗಿಯೇ ಎದ್ದು ಕುಳಿತಿತು.

ನಾನು ಮತ್ತೊಂದು ಕಾರ್ಡು ಹಾಕಿದೆ, “ಬೇಯಿಸಬೇಡಿ, ಹಸಿಯಾಗಿ ಕಳುಹಿಸಿ” ಎಂದು. ಮುಂದಿನ ವಾರ ಕಾಲು ಹಸಿಯಾಗಿಯೇ ಬಂತು. ಆದರೆ ಬೆಂಕಿಯಲ್ಲಿ ಕೂದಲು ಸುಟ್ಟು, ಕೆರೆದು, ತೊಳೆದು, ಒಂದೇ ಅಳತೆಗೆ ತುಂಡು ಮಾಡಿ, ಅರಿಶಿನ ಉಪ್ಪು ಸವರಿ ಬಾಳೆಲೆಯಲ್ಲಿ ಕಟ್ಟಿದ್ದರು. ತಪ್ಪು ಅವರದಲ್ಲ. ದೊಡ್ಡವರ ಮನೆಗೆ ಕೂದಲು ಸಮೇತ ಇಡೀ ಕಾಲು ಕಳುಹಿಸುವುದೆಂದರೆ ಅವಮಾನ ಮಾಡಿದ ಹಾಗೆ. ಆ ಪೊಟ್ಟಣವನ್ನು ಹೊತ್ತು ತಂದವರು ಸ್ವತಃ ನನ್ನ ಸೋದರಮಾವ. ಸುತ್ತಿನ ಹತ್ತು ಊರಿಗೆ ಹೆಸರಾದ ಬೇಟೆಗಾರ. ಅವ್ವ ಹೇಳಿ ಕಳುಹಿಸಿದ್ದನ್ನು ಮಾವ ನಮ್ಮ ಮನೆಮಾತಿನಲ್ಲಿ ಹಾಗೇ ಒಪ್ಪಿಸಿದರು. “ಕೂದ್ಲಿರ್ವ ಕಾಲ್ನ ಡಾಕ್ಟ್ರಿಗೆ ಕಳ್ಸಿಕೆ ಆದಾ, ನಮ್ಗೆ ಮಾನ ಮರ್ಯಾದೆ ಇಲ್ಲೆನಾ ಅಂತ ಅಕ್ಕ ಕೇಳ್ದೊ. ಅಲ್ಲ ಅಳಿಯಾ, ಈ ಡಾಕ್ಟ್ರಿಗೆ ಎಂಥಕೆ ಕಾಲು? ಬ್ರಾಹ್ಮಣ ಅಂತ ಹೇಳ್ದೆ ನೀನು.”

ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರು ಬಂದು ಮಾವನ ಹೆಗಲ ಮೇಲೆ ಕೈ ಹಾಕಿ ಹಿಂದಿನ ಸೌದೆ ಕೊಟ್ಟಿಗೆಗೆ ಕರೆದುಕೊಂಡು ಹೋದರು. ನಾನೂ ಕೋಲೂರಿಕೊಂಡು ಹಿಂದೆ ಹೋದೆ. ಡಾಕ್ಟರು ಸೌದೆಯ ಮೇಲೆ ಕೂತು ತಮ್ಮ ಪ್ಯಾಂಟನ್ನೇ ಮೇಲೆ ಮಡಚಿ, ಮಂಡಿಯ ಮೇಲೆ ನೇರಳೆ ಶಾಯಿಯ ಪೆನ್ಸಿಲಿನಿಂದ ಗೆರೆ ಎಳೆದರು. ಇಲ್ಲಿ ಕಡಿದಿದೆ, ಇಲ್ಲಿಂದ ತೆಗೆಯಬೇಕು, ಇಲ್ಲಿ ತೂರಿಸಬೇಕು. ತುಂಡು ಮಾಡಿದರೆ ದಾರಿ ತಿಳಿಯುವುದಿಲ್ಲ, ಸುಟ್ಟರೆ ಹುರಿ ಸೆಟೆದುಕೊಳ್ಳುತ್ತದೆ. ತೊಡೆ, ಮಂಡಿ, ಕಾಲು ಒಂದಾಗಿಯೇ ಬೇಕು. ಮಾವ ಬಗ್ಗಿ ನೋಡಿದರು.

“ಆ ಹುರಿನ ಮಾಂಸಂದ ಹೆಂಗೆ ಬಿಡ್ಸುವೆ?” ಎಂದು ಕೇಳಿದರು. ಮಾವನಿಗೆ ಯಾರಿಗೂ ಬಹುವಚನ ಹಾಕಿ ಅಭ್ಯಾಸವಿಲ್ಲ.

“ಚಾಕುವಿಂದ.”

“ಚಾಕು ಹಾಕಿರೆ ತುಂಡಾದೆ. ನಾವು ಚಾಕು ಹಾಕ್ದುಲ್ಲೆ.”

ಬಂದೂಕಿನ ಮರದ ಹಿಡಿ ಬಿರುಕು ಬಿಟ್ಟರೆ ನಮ್ಮವರು ಹಂದಿಯ ಹಸಿ ಹುರಿಯನ್ನು ಸುತ್ತಿ ಬಿಗಿಯುತ್ತಾರೆ. ಒಣಗಿದ ಮೇಲೆ ಅದು ಕಬ್ಬಿಣದ ಪಟ್ಟಿಯ ಹಾಗೆ ಹಿಡಿಯುತ್ತದೆ. ಅದಕ್ಕೆ ಹುರಿ ಉದ್ದವಾಗಿ, ಚಾಕು ತಾಗದೆ, ಒಂದೂ ಗಾಯವಿಲ್ಲದೆ ಬರಬೇಕು. ಮುಂದಿನ ವಾರ ಮಾವ ಒಂದು ಇಡೀ ಹಿಂಗಾಲನ್ನು, ಕೂದಲು ಸಮೇತ, ಕೂವೆ ಎಲೆಯಲ್ಲಿ ಸುತ್ತಿ ತಂದರು. ಜೊತೆಗೆ ಬೆರಳಿನ ಉಂಗುರದಷ್ಟು ಸಣ್ಣ ಬಿದಿರಿನ ಬಳೆ. ಹುರಿಯ ಒಂದು ತುದಿಯನ್ನು ಬಳೆಯೊಳಗೆ ತೂರಿಸಿ, ಹಲ್ಲು ಕಚ್ಚಿ ಎಳೆದು ಹಿಡಿದು, ಬಳೆಯನ್ನು ನಿಧಾನವಾಗಿ ಮೇಲಕ್ಕೆ ತಳ್ಳುತ್ತ ಹೋದರು. ಮಾಂಸ ಅತ್ತಿತ್ತ ಸರಿದು, ಬೆಳ್ಳಗೆ ಹೊಳೆಯುವ ಹುರಿ ಮೊಳದುದ್ದ ಹೊರಬಂತು. ಎಲ್ಲೂ ಒಂದು ಗೀರಿಲ್ಲ. ಡಾಕ್ಟರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ನೋಡಿದರು. ಆಮೇಲೆ ಮಾವನ ಕಡೆ ತಿರುಗಿ, “ಇನ್ನೊಂದು ಸಲ ತೋರಿಸಿ, ಗುರುಗಳೇ” ಎಂದರು. ಮಾವನಿಗೆ ಅದುವರೆಗೆ ಯಾರೂ ಹಾಗೆ ಹೇಳಿರಲಿಲ್ಲ. ಊರಿಗೆ ಹೋದ ಮೇಲೆ ಒಂದು ತಿಂಗಳು ಅದನ್ನೇ ಹೇಳಿಕೊಂಡು ತಿರುಗಿದರು.

ಡಾಕ್ಟರು ಕಮ್ಮಾರನ ಹತ್ತಿರ ಅದೇ ಅಳತೆಗೆ ಉಕ್ಕಿನ ಬಳೆ ಮಾಡಿಸಿ ಅದಕ್ಕೊಂದು ಹಿಡಿ ಕೂಡಿಸಿಕೊಂಡರು.

ಬೇಟೆಯ ಮಾಂಸ ಹಂಚುವುದರಲ್ಲಿ ನಮ್ಮಲ್ಲಿ ಕಟ್ಟುಕಟ್ಟಳೆ ಇದೆ. ಗುಂಡು ಹೊಡೆದವನಿಗೆ ಇಂತಿಷ್ಟು, ಬಿದ್ದ ಹಂದಿಯನ್ನು ಮೊದಲು ಮುಟ್ಟಿದವನಿಗೆ ಇಂತಿಷ್ಟು, ಕಾಡು ಸೋವಿ ಹಂದಿ ಎಬ್ಬಿಸಿದವರಿಗೆ ಸಮಪಾಲು, ನಾಯಿಗೂ ಒಂದು ಪಾಲು. ಆ ವರ್ಷ ನಮ್ಮ ಗುಡ್ಡಗಳಲ್ಲಿ ಇದಕ್ಕೆ ಇನ್ನೊಂದು ಸೇರಿತು, ಡಾಕ್ಟರ ಪಾಲು. ಒಂದು ಇಡೀ ಹಿಂಗಾಲೆಂದರೆ ತಮಾಷೆಯಲ್ಲ, ಅದೇ ಒಳ್ಳೆಯ ಮಾಂಸ. ಆದರೆ ಯಾರೂ ಚಕಾರ ಎತ್ತಲಿಲ್ಲ. ತಮ್ಮ ಟಪಾಲಿನವನ ಮಂಡಿಗೆಂದು ತಿಳಿದ ಮೇಲೆ, ನನ್ನ ಬೀಟಿನ ಮನೆಗಳವರು ಮಾವ ಕೇಳುವ ಮೊದಲೇ ಕಾಲನ್ನು ಬಸ್ಸಿಗೆ ಹಾಕುತ್ತಿದ್ದರು. ನಾನು ಕಾಗದ ತಂದುಕೊಟ್ಟಾಗ ಒಂದು ಒಳ್ಳೆಯ ಮಾತೂ ಆಡದ ಒಬ್ಬ ಮುದುಕರು ಎರಡು ಕಾಲು ಕಳುಹಿಸಿದ್ದರು. ಅದನ್ನು ಕೇಳಿ ಅಂದು ನಾನು ಹೊದಿಕೆ ಮುಖದ ಮೇಲೆ ಎಳೆದುಕೊಂಡು ಅತ್ತೆ.

ಮಡಿಕೇರಿಯಲ್ಲಿ ಮಾತ್ರ ಬೇರೆಯೇ ಸುದ್ದಿ ಹರಡಿತು. ವಾರಕ್ಕೆರಡು ಸಲ ಬಸ್ಸಿನಿಂದ ಹಂದಿ ಕಾಲು ಇಳಿಯುತ್ತದೆ, ಸೌದೆ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಬ್ರಾಹ್ಮಣ ಡಾಕ್ಟರು ಒಬ್ಬರೇ ಕೂರುತ್ತಾರೆ. ಜನ ಏನೆಂದುಕೊಳ್ಳಬೇಕು? ಡಾಕ್ಟರ ಕಿವಿಗೆ ಇದು ಬಿದ್ದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಹೆಂಡತಿ ನಗಲಿಲ್ಲ. ಹಿತ್ತಿಲಲ್ಲಿ ಹಂಡೆ ಹೂಡಿ, ಎರಡು ಸಲ ಸ್ನಾನ ಆಗದೆ ಒಳಗೆ ಬಿಡುವುದಿಲ್ಲ ಎಂದರು. ಮಲಬಾರಿನ ನಮ್ಮ ಸಿಸ್ಟರ್ ಮೂಗಿಗೆ ಸೆರಗು ಹಿಡಿದು, “ಇವತ್ತು ಹಂದಿ, ನಾಳೆ ಎಂಥ ಡಾಕ್ಟ್ರೇ, ಆನೆಯಾ?” ಎಂದು ಕೇಳುತ್ತಿದ್ದರು. ಕಲಿತು ಮುಗಿದ ಕಾಲು ಆಸ್ಪತ್ರೆಯ ಅಟೆಂಡರಿಗೆ ಹೋಗುತ್ತಿತ್ತು. ಒಂದು ದಿನ ಅವನು ಬಂದು, “ಸಾರಲ್ಲಿ ರೇಷ್ಮೆ ದಾರ ಸಿಕ್ತು ಸಾರ್, ಮನೇಲಿ ಬೈತಾಳೆ, ಹೊಲಿಗೆ ಬಿಚ್ಚಿ ಕೊಡಿ” ಎಂದ. ಅಂದಿನಿಂದ ಡಾಕ್ಟರು ಹೊಲಿಗೆ ಬಿಚ್ಚಿಯೇ ಕೊಡುತ್ತಿದ್ದರು.

ತುಲಾ ಸಂಕ್ರಮಣ ಕಳೆದು ಒಂದು ಬೆಳಿಗ್ಗೆ ಡಾಕ್ಟರು ನನ್ನ ಮಂಚದ ಹತ್ತಿರ ಬಂದು, “ಕಕ್ಕಬೆ, ಕಳೆದ ನಾಲ್ಕು ಕಾಲು ಸರಿಯಾಗಿ ಬಂತು. ನಾಳೆ ನಿಮ್ಮದು” ಎಂದರು. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದರು. ನನಗೆ ಎಚ್ಚರವಿತ್ತು. ನಡುವೆ ಬಟ್ಟೆ ಅಡ್ಡ ಕಟ್ಟಿದ್ದರಿಂದ ಏನೂ ಕಾಣಿಸಲಿಲ್ಲ, ಕಿವಿಗೆ ಮಾತ್ರ ಎಲ್ಲ ಕೇಳಿಸುತ್ತಿತ್ತು. ಬಡಗಿಯ ಬೈರಿಗೆ ಮರ ಕೊರೆಯುವ ಸದ್ದು. ಕೊರೆಯುತ್ತಿರುವುದು ನನ್ನ ಎಲುಬನ್ನು ಎಂದು ಹೊಳೆದಾಗ ಬೆವರು ಕಿತ್ತುಕೊಂಡಿತು. ಡಾಕ್ಟರಿಗೆ ಅದು ಹೇಗೆ ತಿಳಿಯಿತೋ, ಬಟ್ಟೆಯ ಆಚೆಯಿಂದ, “ನಿಮ್ಮ ಬೀಟಿನ ಮನೆಗಳನ್ನ ಒಂದೊಂದಾಗಿ ಹೇಳಿ, ಮೊದಲಿಂದ” ಎಂದರು. ಹೇಳುತ್ತ ಹೋದೆ. ಎಲ್ಲಿ ಏರು, ಎಲ್ಲಿ ನಾಯಿ, ಎಲ್ಲಿ ಕಾಫಿ. ನಾನು ಕೊನೆಯ ಮನೆ ಮುಟ್ಟಿ ಹಿಂದಿರುಗುವ ಹೊತ್ತಿಗೆ ಅವರು ಹೊಲಿಗೆ ಹಾಕುತ್ತಿದ್ದರು.

ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು. ಎರಡು ತಿಂಗಳು ಅದರೊಳಗೆ ನಡೆದ ತುರಿಕೆಯ ಬಗ್ಗೆ ಬರೆದರೆ ಅದೇ ಒಂದು ಪುಸ್ತಕವಾದೀತು. ಸಿಸ್ಟರ್ ತಮ್ಮ ಸ್ವೆಟರ್ ಹೆಣೆಯುವ ಕಡ್ಡಿಯನ್ನು ಕದ್ದು ಕೊಡುತ್ತಿದ್ದರು, ಡಾಕ್ಟರು ಬಂದರೆ ದಿಂಬಿನ ಕೆಳಗೆ ಅಡಗಿಸುತ್ತಿದ್ದೆ. ಸುಗ್ಗಿಯ ಹುತ್ತರಿ ಹಬ್ಬದ ಹೊತ್ತಿಗೆ ಪ್ಲಾಸ್ಟರ್ ಒಡೆದರು. ಒಳಗಿಂದ ಬಂದ ಕಾಲನ್ನು ನೋಡಿ ನನಗೆ ದುಃಖವಾಯಿತು. ಅದು ನನ್ನ ಕಾಲಿನ ಹಾಗಿರಲಿಲ್ಲ, ತೊಡೆ ನನ್ನ ಮುಂಗೈಯಷ್ಟಾಗಿತ್ತು, ಮಂಡಿ ಅಲುಗುತ್ತಿರಲಿಲ್ಲ. ಅಷ್ಟು ಹಂದಿಗಳು ಸತ್ತದ್ದು ಇದಕ್ಕಾ ಎಂದುಕೊಂಡೆ.

ಡಾಕ್ಟರು ಕೋಟಿನ ಜೇಬಿನಿಂದ ಒಂದು ಕಿತ್ತಳೆ ಹಣ್ಣು ತೆಗೆದು ನನ್ನ ಮಂಡಿಯ ಕೆಳಗಿಟ್ಟರು. “ಇದನ್ನ ಮಂಚಕ್ಕೆ ಒತ್ತಿ. ರಸ ಬಂದ ದಿನ ನಿಮಗೆ ನಡಿಗೆ.” ದಿನಾ ಬೆಳಿಗ್ಗೆ ಒಂದು ಹೊಸ ಹಣ್ಣು. ಗಂಟೆಗೆ ಇಪ್ಪತ್ತು ಸಲ ಒತ್ತಬೇಕು. ಸಂಜೆ ಬಂದು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿ, “ಏನ್ರೀ ಇದು, ಮದುವಣಗಿತ್ತಿ ಥರ ಇದೆ, ಒಂದು ಕಲೆ ಇಲ್ಲ” ಎಂದು ಬೈದು, ಅಲ್ಲೇ ಸುಲಿದು ಅರ್ಧ ತಾವು ತಿಂದು ಅರ್ಧ ನನಗೆ ಕೊಡುತ್ತಿದ್ದರು. ಬಂದಾಗಲೆಲ್ಲ ಮಂಡಿಯನ್ನು ಇನ್ನಷ್ಟು ಮಡಚಿಸುತ್ತಿದ್ದರು. ನಾನು ಅಯ್ಯೋ ಎಂದರೆ ಅವರೂ ಅಯ್ಯೋ ಎನ್ನುತ್ತಿದ್ದರು, ಕೈ ಮಾತ್ರ ನಿಲ್ಲಿಸುತ್ತಿರಲಿಲ್ಲ. ಹದಿನೇಳನೆಯ ಹಣ್ಣು ಒಡೆಯಿತು. ವಾರ್ಡಿನವರೆಲ್ಲ ಚಪ್ಪಾಳೆ ತಟ್ಟಿದರು.

ಆಮೇಲೆ ನಡಿಗೆ, ಮೆಟ್ಟಿಲು, ಆಸ್ಪತ್ರೆಯ ಮುಂದಿನ ಚಿಕ್ಕ ಇಳಿಜಾರು. ಅಲ್ಲೆಲ್ಲ ಮಂಡಿ ನಿಂತಿತು. ಆದರೆ ಸರ್ಟಿಫಿಕೇಟು ಕೇಳಿದರೆ ಡಾಕ್ಟರು ಕೊಡಲಿಲ್ಲ. ಇಲ್ಲಿನ ಇಳಿಜಾರು ಇಳಿಜಾರೇ ಅಲ್ಲ, ನಿಮ್ಮ ಬೆಟ್ಟ ನೋಡದೆ ಸುಳ್ಳು ಬರೆಯಲಾರೆ ಎಂದರು. ಪೋಸ್ಟ್ ಮಾಸ್ಟರಿಗೆ ತಾವೇ ಕಾಗದ ಬರೆದು, ಒಂದು ದಿನ ನನಗೆ ಚೀಲ ಕೊಡಿ, ಜೊತೆಯಲ್ಲಿ ನಾನೂ ನಡೆಯುತ್ತೇನೆ ಎಂದು ಕೇಳಿದರು. ಪೋಸ್ಟ್ ಮಾಸ್ಟರು ಒಪ್ಪಿದರು. ನಾವು ಹೋಗುವ ಹಿಂದಿನ ಸಂಜೆ ಕಕ್ಕಬೆಯಲ್ಲಿ ಮೊದಲ ಹೂಮಳೆ ಬಿತ್ತು. ನನ್ನ ಗಡುವೂ ಅಲ್ಲಿಗೆ ಮುಗಿಯಿತು. ಇಂದು ಮಂಡಿ ಜಾರಿದರೆ ನಾಳೆಯಿಂದ ಬೀಟು ನನ್ನದಲ್ಲ.

ಡಾಕ್ಟರು ರಜೆ ಹಾಕಿ ಮಿಲಿಟರಿ ಕೋಟು, ಕ್ಯಾನ್ವಾಸ್ ಬೂಟು ತೊಟ್ಟು ಬಂದಿದ್ದರು. ಏರಿನಲ್ಲಿ ಅವರ ಪಾಡು ನೋಡಲಾಗುತ್ತಿರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು ಮರ ನೋಡುವ ನೆಪದಲ್ಲಿ ಏದುಸಿರು ಬಿಡುತ್ತಿದ್ದರು. ಒಂದೊಂದು ಮನೆಯವರೂ ಕಾಗದ ತೆಗೆದುಕೊಳ್ಳುವ ಮೊದಲು ಡಾಕ್ಟರ ಕೈಗೆ ಕಾಫಿ ಕೊಟ್ಟು, ನನ್ನ ಮಂಡಿಯನ್ನು ತಮ್ಮದೇ ಎಂಬಂತೆ ಬಗ್ಗಿ ಮುಟ್ಟಿ ನೋಡಿದರು. ಕೊನೆಯ ಮನೆ ಮುಗಿಸಿದೆವು. ಉಳಿದದ್ದು ಕೆಳಗಿಳಿಯುವ ದಾರಿ, ಹಸಿ ಮಣ್ಣು, ಒಂದು ಆಳು ಅಗಲ. ನಾನು ಉರುಳಿದ್ದ ನಾಲ್ಕು ಜಾಗಗಳೂ ಅದರಲ್ಲೇ ಇದ್ದವು.

“ನಾನು ಮುಂದೆ ಹೋಗ್ತೀನಿ” ಎಂದರು ಡಾಕ್ಟರು.

“ನಿಮಗೆ ದಾರಿ ಅಭ್ಯಾಸ ಇಲ್ಲ ಸಾರ್, ಹಿಂದೆ ಬನ್ನಿ.”

“ನೀವು ಬಿದ್ರೆ ನನ್ನ ಮೇಲೆ ಬೀಳಿ. ದಪ್ಪ ಇದೀನಿ, ತಡೀತೀನಿ. ಹೂಂ, ನಡೀರಿ.”

ಹಾಗೆ ಅವರು ಮುಂದೆ, ನಾನು ಹಿಂದೆ ಇಳಿದೆವು. ಅವರು ದಾರಿ ನೋಡುತ್ತಿರಲಿಲ್ಲ. ಹೆಜ್ಜೆ ಹೆಜ್ಜೆಗೂ ಹಿಂದಕ್ಕೆ ತಿರುಗಿ ನನ್ನ ಮಂಡಿಯನ್ನೇ ನೋಡುತ್ತಿದ್ದರು. ಮೊದಲ ಜಾಗ ದಾಟಿತು, ಎರಡನೆಯದೂ ದಾಟಿತು. ಮೂರನೆಯ ತಿರುವಿನಲ್ಲಿ, ನನ್ನ ಕಡೆ ನೋಡುತ್ತಲೇ, ಡಾಕ್ಟರು ಜಾರಿದರು. ಎರಡೂ ಕಾಲು ಒಟ್ಟಿಗೆ ದಾರಿ ಬಿಟ್ಟವು. ಆಚೆ ಬದಿಗೆ ತೋಟದ ಕಡಿದಾದ ಇಳುಕಲು. ನಾನು ಏನನ್ನೂ ಯೋಚಿಸಲಿಲ್ಲ. ಕೆಳಗಿನ ಕಲ್ಲಿಗೆ ಬಲಗಾಲು ಊರಿ, ಮೈ ತಿರುಗಿಸಿ, ಕೋಟಿನ ಕಾಲರಿಗೆ ಕೈ ಹಾಕಿ ಹಿಡಿದೆ. ಅವರ ಭಾರ, ನನ್ನ ಭಾರ, ಟಪಾಲು ಚೀಲದ ಭಾರ ಎಲ್ಲವೂ ಆ ಒಂದು ಮಂಡಿಯ ಮೇಲೆ ಬಂತು. ಒಳಗೆ ಏನೋ ಬಿಗಿಯಿತು. ಬಿಗಿದು ಹಾಗೇ ನಿಂತಿತು.

ಡಾಕ್ಟರನ್ನು ದಾರಿಗೆ ಎಳೆದು ಕೂರಿಸಿದೆ. ಕೋಟು ಹರಿದಿತ್ತು, ಕನ್ನಡಕ ಎಲ್ಲೋ ಹೋಗಿತ್ತು, ಗಲ್ಲದ ಮೇಲೆ ಕೆಸರು. ಪೆಟ್ಟಾಯಿತಾ ಸಾರ್ ಎಂದು ಕೇಳಿದೆ. ಅವರು ಕೆಸರಿನಲ್ಲೇ ಮುಂದಕ್ಕೆ ಸರಿದು ನನ್ನ ಮಂಡಿಯನ್ನು ಎರಡೂ ಕೈಯಿಂದ ಹಿಡಿದರು. ಒತ್ತಿದರು, ಎಳೆದರು, ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರು.

“ಜಾರಿತಾ?”

“ಇಲ್ಲ ಸಾರ್.”

“ಒಂಚೂರೂ?”

“ಒಂಚೂರೂ ಇಲ್ಲ.”

ಅವರು ಮಂಡಿ ಬಿಡಲಿಲ್ಲ. “ನಿಮ್ಮನ್ನ ಕೊಯ್ದ ದಿನದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ, ಕಕ್ಕಬೆ” ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಎಲ್ಲರನ್ನೂ ನಗಿಸಿಕೊಂಡಿದ್ದ ಮನುಷ್ಯ ಇಷ್ಟು ತಿಂಗಳು ನನಗಿಂತ ಹೆಚ್ಚು ಹೆದರಿದ್ದರೆಂದು ಅಲ್ಲಿಯವರೆಗೆ ನನಗೆ ತಿಳಿದೇ ಇರಲಿಲ್ಲ. ಕಾಫಿ ಗಿಡದ ಬುಡದಲ್ಲಿ ಸಿಕ್ಕಿದ್ದ ಕನ್ನಡಕವನ್ನು ಎತ್ತಿ, ಅಂಗಿಯಿಂದ ಒರೆಸಿ ಕೊಟ್ಟೆ.

ಕನ್ನಡಕ ಹಾಕಿಕೊಂಡು ಅವರು ಎದ್ದರು. ಕೋಟಿನ ಒಳಜೇಬಿನಿಂದ ಆಸ್ಪತ್ರೆಯ ಮುದ್ರೆಯಿದ್ದ ಹಾಳೆಯನ್ನೂ ಪೆನ್ನನ್ನೂ ತೆಗೆದರು. ಇಟ್ಟು ಬರೆಯಲು ಅಲ್ಲಿ ಒಂದು ಕಲ್ಲೂ ಚಪ್ಪಟೆಯಾಗಿರಲಿಲ್ಲ. “ತಿರುಗಿ ನಿಂತ್ಕೊಳ್ಳಿ” ಎಂದರು. ನಾನು ಇಳಿಜಾರಿನ ಕಡೆ ಮುಖ ಮಾಡಿ, ಸ್ವಲ್ಪ ಬಗ್ಗಿ, ಎರಡೂ ಕಾಲು ಊರಿ ನಿಂತೆ. ಹಾಳೆಯನ್ನು ನನ್ನ ಬೆನ್ನಿನ ಮೇಲಿಟ್ಟು ಅವರು ಬರೆಯತೊಡಗಿದರು. ಎರಡೇ ಸಾಲು, ಆದರೆ ಬಹಳ ಹೊತ್ತು ಹಿಡಿಯಿತು. ಪೆನ್ನು ಒಂದೊಂದು ಅಕ್ಷರಕ್ಕೂ ನಿಂತು ಹೊರಡುತ್ತಿದ್ದುದು ಅಂಗಿಯ ಮೇಲಿನಿಂದಲೇ ನನಗೆ ತಿಳಿಯುತ್ತಿತ್ತು. ನಾನು ಅಲುಗಾಡದೆ ನಿಂತೆ.

ರುಜು ಹಾಕಿದ ಮೇಲೆ ಬೆನ್ನು ತಟ್ಟಿದರು.

“ನಡೀರಿ” ಎಂದರು, “ಟಪಾಲು ತಡವಾಗತ್ತೆ. ಈ ಸಲ ನೀವು ಮುಂದೆ.”